ಗುರುತು: ಬಲ ಮುಂಗೈ ಮೇಲೆ ಸುಟ್ಟ ಕಲೆ

ಫಮೆನೋತ್ ತಿಂಗಳ ಮೂರನೇ ದಿನ, ಊರಿನಿಂದ

ಅರ್ಸಿನೋಯೆ ಪಟ್ಟಣದ ಅಗಸರ ಬೀದಿಯಲ್ಲಿ, ವಿಧವೆಯರ ಮನೆಯಲ್ಲಿರುವ ನನ್ನ ಮಗಳು ಹೆರಾಯಿಸ್‌ಗೆ, ರೊಟ್ಟಿ ಸುಡುವ ತೌಸಿರಿಸ್ ಪ್ರಭುವಿನ ಹೆಸರಿನಲ್ಲಿ ಹೇಳುವ ನಮಸ್ಕಾರ. ಎಲ್ಲಕ್ಕಿಂತ ಮೊದಲು ನೀನು ಆರೋಗ್ಯವಾಗಿರಬೇಕೆಂದು ಬೇಡಿಕೊಳ್ಳುತ್ತೇನೆ. ನಾನು ಚೆನ್ನಾಗಿದ್ದೇನೆ. ಎಡ ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ, ಅದೂ ನಿನ್ನ ಹಾಗೆಯೇ.

ನಿನ್ನ ಓಲೆ ಮೊನ್ನೆ ಕತ್ತೆಯವರ ಜೊತೆ ಬಂತು. ಹನ್ನೊಂದು ತಿಂಗಳಾದ ಮೇಲೆ ಬಂದ ಓಲೆ. ಕೈಯೆಲ್ಲ ಹಿಟ್ಟಾಗಿತ್ತು, ಒರೆಸಿಕೊಳ್ಳುವಷ್ಟೂ ತಾಳ್ಮೆ ಇಲ್ಲದೆ ಹಾಗೇ ಹಿಡಿದುಕೊಂಡು ಓದಿಸಲು ಓಡಿದೆ. ‘ತೌಸಿರಿಸ್ ಅವರಿಗೆ’ ಎಂದು ಶುರುಮಾಡಿದ್ದೀಯೆ. ಓದುತ್ತಿದ್ದವನು ಅಲ್ಲಿಯೇ ನಿಲ್ಲಿಸಿ ನನ್ನ ಮುಖ ನೋಡಿದ. ‘ಅಮ್ಮ ಅಂತ ಎಲ್ಲೂ ಇಲ್ವೇನೋ, ಸರಿಯಾಗಿ ನೋಡು’ ಅಂದೆ. ಅವನು ಕೊನೆಯವರೆಗೂ ಕಣ್ಣಾಡಿಸಿ ‘ಇಲ್ಲಮ್ಮಾ’ ಅಂದ. ಸರಿ, ಅವನ ಬಾಯಿಂದಲಾದರೂ ಆ ಮಾತು ಬಂತಲ್ಲ ಎಂದು ಮುಂದೆ ಓದಿಸಿದೆ.

ನೀನು ಬರೆದದ್ದು ನನಗೆ ಸರಿಯಾಗಿ ತಿಳಿದಿದೆಯೇ ನೋಡು. ಅಲ್ಲಿಯ ಸಂತೆಯಲ್ಲಿ ಮೀನು ಮಾರುವವನೊಬ್ಬ ಕಚೇರಿಯ ರದ್ದಿಯಲ್ಲಿ ಒಣಮೀನು ಕಟ್ಟಿಕೊಡುತ್ತಾನೆ. ಎಲ್ಲರೂ ದೇವರುಗಳಿಗೆ ಬಲಿ ಕೊಟ್ಟು ಚೀಟಿ ಬರೆಸಿಕೊಳ್ಳಬೇಕೆಂದು ಆಜ್ಞೆ ಮಾಡಿದ ಚಕ್ರವರ್ತಿ ಸತ್ತ ಮೇಲೆ ಆ ಬಲಿಚೀಟಿಗಳು ಯಾರಿಗೆ ಬೇಕು, ಎಲ್ಲ ರದ್ದಿಗೆ ಹೋಗಿವೆ. ನಿಮ್ಮ ಸಭೆಯ ಹೆಂಗಸೊಬ್ಬಳು ಮನೆಗೆ ಹೋಗಿ ಮೀನು ಬಿಚ್ಚಿದರೆ ಒಳಗೆ ನಿನ್ನ ಹೆಸರು. ಹೋರಿಯೋನ್‌ನ ಮಗಳು ಹೆರಾಯಿಸ್, ತಾಯಿ ತೌಸಿರಿಸ್, ವಯಸ್ಸು ಹತ್ತೊಂಬತ್ತು. ದೇವರುಗಳಿಗೆ ದ್ರಾಕ್ಷಾರಸ ಎರೆದು, ಬಲಿಯ ಮಾಂಸದ ರುಚಿ ನೋಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ ಎಂದು ಅಧಿಕಾರಿಗಳ ಸಹಿ. ಕೆಳಗಿನ ಸಾಲು ಮೀನಿನ ಉಪ್ಪು ಹಿಡಿದು ಕಾಣುತ್ತಿಲ್ಲ. ಈಗ ಸಭೆಯಲ್ಲಿ ಗುಸುಗುಸು ಎದ್ದಿದೆ. ಏಳು ವಾರ ಸೆರೆಯಲ್ಲಿದ್ದೂ ಕ್ರಿಸ್ತನನ್ನು ಬಿಡದೆ ಬಂದವಳು ಎಂದು ತಲೆಯ ಮೇಲೆ ಹೊತ್ತವರೇ ಈಗ ಇವಳೂ ಕದ್ದುಮುಚ್ಚಿ ಬಲಿ ಕೊಟ್ಟೇ ಹೊರಗೆ ಬಂದಿದ್ದಾಳೆ ಎನ್ನುತ್ತಿದ್ದಾರೆ. ನಿನ್ನ ಮಾತು ಕೇಳಿ ಸೇರಿದ ನಲವತ್ತು ಜನ ಹೊಸಬರಲ್ಲಿ ಅರ್ಧ ಜನ ಬರುವುದನ್ನು ನಿಲ್ಲಿಸಿದ್ದಾರೆ. ಬರುವ ಭಾನುವಾರ ಹಿರಿಯರು ಎಲ್ಲರ ಎದುರಿಗೆ ನಿನ್ನನ್ನು ನಿಲ್ಲಿಸಿ ಕೇಳುತ್ತಾರೆ. ಉತ್ತರ ಇಲ್ಲದಿದ್ದರೆ ನಿನ್ನನ್ನು ಸಭೆಯಿಂದ ಹೊರಗೆ ಹಾಕುತ್ತಾರೆ. ನನ್ನ ಹೆಸರಿನಲ್ಲಿ ಚೀಟಿ ಬರೆಸಿದ ವೈರಿ ಯಾರೆಂದು ಊರ ಕಚೇರಿಯಲ್ಲಿ ವಿಚಾರಿಸಿ ತಿಳಿಸಿ ಎಂದು ನನ್ನನ್ನು ಕೇಳಿದ್ದೀಯೆ.

ಕಚೇರಿಗೆ ಹೋಗಿ ವಿಚಾರಿಸುವ ಅಗತ್ಯವಿಲ್ಲ ಮಗಳೇ. ಉತ್ತರ ನನ್ನ ಹಿಟ್ಟಿನ ಮಡಕೆಯಲ್ಲಿಯೇ ಇದೆ. ಹೇಳುತ್ತೇನೆ, ಆದರೆ ನನ್ನ ರೀತಿಯಲ್ಲಿ ಹೇಳಲು ಬಿಡು. ಈ ಓಲೆ ಬರೆಯುವವನೂ ‘ವಿಷಯಕ್ಕೆ ಬನ್ನಿ’ ಎಂದು ಆಗಲೇ ಎರಡು ಸಲ ಅಂದಿದ್ದಾನೆ. ಅವನ ಬರವಣಿಗೆ ಅವನು ನೋಡಿಕೊಳ್ಳಲಿ.

ನಿನ್ನನ್ನು ಹಿಡಿದುಕೊಂಡು ಹೋದ ದಿನದಿಂದಲೇ ಶುರುಮಾಡುತ್ತೇನೆ. ಪಾಯ್ನಿ ತಿಂಗಳು, ಗೋಧಿ ಒಕ್ಕಣೆ ಮುಗಿದಿತ್ತು. ಊರಿನವರೆಲ್ಲ ಸರದಿಯಲ್ಲಿ ಮೊಸಳೆ ದೇವರ ಅಂಗಳಕ್ಕೆ ಹೋಗಿ ಧೂಪ ಹಾಕಿ ಚೀಟಿ ತರುತ್ತಿದ್ದರು. ನೀನು ಅಂಗಳದಲ್ಲಿ ನಿಂತು ಆಗುವುದಿಲ್ಲ ಎಂದೆ. ಸೈನಿಕ ಕೈಗೆ ಹಗ್ಗ ಹಾಕಿದ. ನಮ್ಮ ಬೀದಿಯಲ್ಲಿ ಹಾದುಹೋಗುವಾಗ ನೀನು ತಟ್ಟನೆ ನಿಂತೆ. ನೇಯುವ ಸಂಬಾತಿಸ್‌ಳಿಂದ ತಂದ ಜರಡಿ ನಮ್ಮ ಮನೆಯಲ್ಲಿಯೇ ಇದೆ, ಕೊಟ್ಟು ಬರುತ್ತೇನೆ ಎಂದೆ. ‘ಏ, ಜರಡಿ ಗಿರಡಿ ಎಲ್ಲ ಆಮೇಲೆ, ನಡಿ’ ಎಂದ ಸೈನಿಕ. ‘ಆಮೇಲೆ ನಾನು ಬರ್ತೀನೋ ಇಲ್ವೋ ನಿಂಗೇ ಗೊತ್ತಿಲ್ಲ. ಇನ್ನೊಬ್ರ ಜರಡಿ ಇಟ್ಕೊಂಡು ಹೋಗೋದು ಹೇಗೆ?’ ಎಂದೆ ನೀನು. ಆ ಮನುಷ್ಯನಿಗೆ ಏನನ್ನಿಸಿತೋ, ಹಗ್ಗ ಸಡಿಲಿಸಿದ. ನೀನು ಕಟ್ಟಿದ ಕೈಯಲ್ಲಿಯೇ ಜರಡಿ ತೆಗೆದುಕೊಂಡು ಹೋಗಿ ಸಂಬಾತಿಸ್‌ಳ ಹೊಸ್ತಿಲ ಮೇಲೆ ಇಟ್ಟು, ಮಗ್ಗದ ಮುಂದೆ ಕುಳಿತಿದ್ದವಳಿಗೆ ‘ಒಂದು ಕಡೆ ಕಣ್ಣಿ ಬಿಟ್ಟಿದೆ, ನಾನು ಕಟ್ಟಿದ್ದೀನಿ, ನೋಡ್ಕೋ ಅಕ್ಕಾ’ ಎಂದು ಹೇಳಿ ಹೋದೆ. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಹೊರಗೆ ಬರಲಿಲ್ಲ. ಇದು ನಿನಗೆ ಗೊತ್ತಿರಲಿಲ್ಲ, ಈಗ ಗೊತ್ತಾಗಲಿ.

ಅದಾದ ನಾಲ್ಕನೇ ದಿನ ನಾನೇ ಅಂಗಳಕ್ಕೆ ಹೋದೆ. ಅದು ನಿನಗೆ ಗೊತ್ತು, ಊರಿಗೆಲ್ಲ ಗೊತ್ತು. ಯಾರೂ ನನ್ನನ್ನು ಎಳೆದುಕೊಂಡು ಹೋಗಲಿಲ್ಲ. ‘ಒಂದು ಚಿಟಿಕೆ ಧೂಪ, ಒಂದು ತೊಟ್ಟು ರಸ, ಇಷ್ಟಕ್ಕೆ ಯಾಕೆ ರಂಪ ಮಾಡ್ಕೋತೀಯಾ ತೌಸಿರಿಸ್?’ ಎಂದು ಬೀದಿಯವರು ಹೇಳಿದ್ದು ನಿಜ. ಆದರೆ ಅವರ ಮಾತಿಗೆ ನಾನು ಹೋಗಲಿಲ್ಲ. ಹೆದರಿ ಹೋದೆ. ಹಗ್ಗಕ್ಕೆ ಹೆದರಿದೆ, ಸೆರೆಮನೆಯ ಕತ್ತಲಿಗೆ ಹೆದರಿದೆ. ಮಾಂಸದ ತುಂಡನ್ನು ಬಾಯಲ್ಲಿಟ್ಟುಕೊಂಡು ನುಂಗಿದೆ. ಮನೆಗೆ ಬಂದು ಒಲೆಯ ಮುಂದೆ ಕುಳಿತರೆ ಬೆಂಕಿ ಹೊತ್ತಿಸಲು ಕೈ ಬರಲಿಲ್ಲ. ಆ ಪಾಪಕ್ಕೆ ನಾನು ಅತ್ತಿರುವಷ್ಟು ನಿನ್ನ ಅಪ್ಪ ಸತ್ತಾಗಲೂ ಅತ್ತಿಲ್ಲ.

ನಂತರ ಎಪೀಫ್ ತಿಂಗಳು ಬಂತು. ಪಟ್ಟಣದಿಂದ ಬಂದ ಎಣ್ಣೆ ಮಾರುವವನು ಸುದ್ದಿ ತಂದ. ಸೆರೆಯಲ್ಲಿ ಮುದುಕನೊಬ್ಬ ಸತ್ತ, ಜ್ವರ ಬಂದು ಒಬ್ಬ ಹುಡುಗಿಯೂ ಸತ್ತಳು ಎಂದ. ಹುಡುಗಿಯ ಹೆಸರು ಕೇಳಿದರೆ ಗೊತ್ತಿಲ್ಲ ಎಂದ. ಎರಡು ದಿನ ನಾನು ಹೇಗೆ ಇದ್ದೆನೋ ನನಗೇ ಗೊತ್ತಿಲ್ಲ. ಮೂರನೇ ದಿನ ಇನ್ನೊಬ್ಬನು ಬಂದು, ಸತ್ತವಳು ಬೇರೆ ಊರಿನವಳು, ನಿನ್ನ ಮಗಳು ಬದುಕಿದ್ದಾಳೆ, ಆದರೆ ಎದ್ದು ನಿಲ್ಲುವಂತಿಲ್ಲ ಎಂದ. ಸೆರೆಯಲ್ಲಿರುವವರ ಬಲಿಚೀಟಿ ಊರಿನಿಂದ ಬಂದರೆ ಸಾಕು, ಕಾವಲಿನವರು ಹೆಸರು ಹೊಡೆದು ಬಿಟ್ಟುಬಿಡುತ್ತಾರೆ, ಅವರಿಗೂ ಸಾಕಾಗಿದೆ ಎಂದೂ ಹೇಳಿದ.

ಮರುದಿನ ಬೆಳಿಗ್ಗೆ ನಾನು ಮತ್ತೆ ಅಂಗಳಕ್ಕೆ ಹೋದೆ.

ಹಳೆಯ ಅಧಿಕಾರಿಗಳು ಹೋಗಿ ಹೊಸಬರು ಬಂದಿದ್ದರು, ನಮ್ಮ ಮುಖಗಳ ಪರಿಚಯ ಅವರಿಗಿರಲಿಲ್ಲ. ಸೆಕೆಗೆ ಬೆವರುತ್ತ, ನೊಣ ಹೊಡೆಯುತ್ತ ಕುಳಿತಿದ್ದರು. ‘ಹೆಸರು?’ ಎಂದ ಒಬ್ಬ. ‘ಹೆರಾಯಿಸ್, ಹೋರಿಯೋನ್ ಮಗಳು’ ಎಂದೆ. ‘ವಯಸ್ಸು?’ ‘ಹತ್ತೊಂಬತ್ತು.’ ಅವನು ತಲೆ ಎತ್ತಲಿಲ್ಲ. ನನ್ನ ಹಿಂದೆ ಸರದಿಯಲ್ಲಿ ಊರಿನ ಮೂವತ್ತು ಜನ ನಿಂತಿದ್ದರು. ದಿನಾ ನನ್ನ ರೊಟ್ಟಿ ತಿನ್ನುವ ಜನ, ನಾನು ಯಾರೆಂದು ತಿಳಿಯದವರು ಒಬ್ಬರೂ ಇರಲಿಲ್ಲ. ಚರ್ಮ ಹದ ಮಾಡುವ ಮುದುಕ ಜೋರಾಗಿ ಕೆಮ್ಮಿದ. ಅಷ್ಟೇ, ಬೇರೆ ಯಾರೂ ತುಟಿ ಬಿಚ್ಚಲಿಲ್ಲ. ಅಂದಿನಿಂದ ಇಂದಿನವರೆಗೆ ಇಪ್ಪತ್ತು ತಿಂಗಳು, ಮೊಸಳೆಗೆ ಕೈಮುಗಿಯುವ ಆ ಮೂವತ್ತು ಜನ ನನ್ನ ಗುಟ್ಟು ಕಾಪಾಡಿದ್ದಾರೆ. ಹೊರಗಿನವರೆಲ್ಲ ಕತ್ತಲೆಯ ಮಕ್ಕಳು ಎಂದು ನೀನು ಅಲ್ಲಿ ಬೋಧಿಸುತ್ತೀಯಂತೆ. ಮುಂದೆ ಹಾಗೆ ಹೇಳುವಾಗ ಇವರನ್ನೂ ಸ್ವಲ್ಪ ನೆನೆಸಿಕೋ.

ಪಕ್ಕದಲ್ಲಿ ಬರೆಯಲು ಕುಳಿತಿದ್ದ ಗುಮಾಸ್ತ ಮಾತ್ರ ತಲೆ ಎತ್ತಿದ. ಅವನು ನಮ್ಮ ಊರಿನವನೇ. ಹೆಸರು ಬೇಡ, ಅವನಿಗೂ ಹೊಟ್ಟೆಪಾಡಿದೆ. ನನ್ನ ನರೆತ ತಲೆ ನೋಡಿದ, ಮುಂದಿನ ಹಲ್ಲು ಇಲ್ಲದ ಬಾಯಿ ನೋಡಿದ, ಹತ್ತೊಂಬತ್ತು ಎಂದು ಬರೆದುಕೊಂಡ. ‘ಗುರುತು ತೋರ್ಸಿ’ ಎಂದ. ನಾನು ಬಲಗೈ ಚಾಚಿದೆ. ನಿನಗೆ ಆ ಕಲೆ ಗೊತ್ತಲ್ಲ, ಮದುವೆಯಾದ ವರ್ಷ ಒಲೆಯ ಬಾಯಿಗೆ ತಾಗಿ ಸುಟ್ಟದ್ದು. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಿಟ್ಟುಕೊಳ್ಳದೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ‘ಗುರುತು: ಬಲ ಮುಂಗೈ ಮೇಲೆ ಸುಟ್ಟ ಕಲೆ’ ಎಂದು ಬರೆದ. ಎರಡು ಪ್ರತಿ ಮಾಡಿ ಒಂದನ್ನು ಕಚೇರಿಗೆ ಇಟ್ಟುಕೊಂಡು, ಒಂದನ್ನು ನನಗೆ ಕೊಟ್ಟ. ಆ ದಿನವೂ ಮಾಂಸ ನುಂಗಿದೆ, ಆದರೆ ಆ ದಿನ ಮನೆಗೆ ಬಂದು ಒಲೆ ಹೊತ್ತಿಸಿ ರೊಟ್ಟಿ ಸುಟ್ಟೆ.

ಕಚೇರಿಯ ಪ್ರತಿ ಪಟ್ಟಣಕ್ಕೆ ಹೋಯಿತು. ಮೆಸೋರೆ ತಿಂಗಳಲ್ಲಿ ನಿನ್ನ ಬಾಗಿಲು ತೆರೆಯಿತು.

ಒಂದು ಬೆಳಿಗ್ಗೆ ಕಾವಲುಗಾರ ಬಂದು ಹೆಸರು ಕರೆದ, ಯಾಕೆಂದು ಹೇಳಲಿಲ್ಲ, ಪ್ರಭುವೇ ಬಾಗಿಲು ತೆರೆದ ಎಂದು ನೀನು ಎಲ್ಲರಿಗೂ ಹೇಳುತ್ತೀಯಲ್ಲ, ಆ ಬಾಗಿಲು. ಆ ಕಥೆ ಇಲ್ಲಿಗೂ ಬಂದಿತ್ತು. ಅದನ್ನು ಕೇಳಿ ಜನ ಅಳುತ್ತಿದ್ದರು, ನಾನೂ ಅವರ ಜೊತೆ ಅಳುತ್ತಿದ್ದೆ. ನನ್ನ ಅಳು ಬೇರೆಯದಾಗಿತ್ತು. ನೀನು ಸುಳ್ಳು ಹೇಳಿದೆ ಎಂದು ನಾನು ಹೇಳುವುದಿಲ್ಲ. ಪ್ರಭು ಯಾರ ಕೈಯಿಂದ ಕೆಲಸ ಮಾಡಿಸುತ್ತಾನೋ, ಮಾಡಿಸಿಯೂ ಆ ಕೈಯನ್ನು ಕ್ಷಮಿಸುತ್ತಾನೋ ಇಲ್ಲವೋ, ಅದು ನನ್ನ ತಲೆಗೆ ಮೀರಿದ್ದು. ಅದನ್ನು ಓದು ಬಲ್ಲ ನೀನೇ ಯೋಚಿಸು. ಆದರೆ ಒಂದು ಮಾತು ನೆಟ್ಟಗೆ ಕೇಳಿಸಿಕೋ. ಏಳು ವಾರ ಆ ಕತ್ತಲಲ್ಲಿ ನೀನು ಒಮ್ಮೆಯೂ ಬಾಗಲಿಲ್ಲ. ಅದು ನಿನ್ನದೇ. ಅದರಲ್ಲಿ ನನ್ನ ಕೈ ಇಲ್ಲ. ಅದನ್ನು ಯಾವ ಚೀಟಿಯೂ ನಿನ್ನಿಂದ ಕಿತ್ತುಕೊಳ್ಳಲಾರದು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯೆ. ಹೇಳಲೆಂದೇ ಬಂದಿದ್ದೆ. ಹೋದ ವರ್ಷ ಫರ್ಮೂಥಿ ತಿಂಗಳಲ್ಲಿ ಬುಟ್ಟಿಯ ತುಂಬ ರೊಟ್ಟಿ ಹೊತ್ತುಕೊಂಡು, ಈ ಮೊಣಕಾಲು ಎಳೆದುಕೊಂಡು ನಿಮ್ಮ ಮನೆಯ ಬಾಗಿಲಿಗೆ ಬಂದೆ. ನಿನ್ನ ಹಿಂದೆ ಆರೇಳು ಹೆಂಗಸರು ನಿಂತು ನೋಡುತ್ತಿದ್ದರು. ‘ಬಲಿಮಾಂಸ ಮುಟ್ಟಿದ ಕೈಯಿಂದ ಸುಟ್ಟ ರೊಟ್ಟಿ ನಾನು ತಿನ್ನೋದಿಲ್ಲ’ ಎಂದೆ ನೀನು. ಮೆಲ್ಲಗೆ ಹೇಳಿದೆ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಒಳಗೆ ಬರುತ್ತಿದ್ದೆ. ಬುಟ್ಟಿಯನ್ನು ದಾರಿಯಲ್ಲಿ ಕಾಲುವೆ ತೋಡುವವರಿಗೆ ಕೊಟ್ಟೆ. ಅವರು ಚಪ್ಪರಿಸಿಕೊಂಡು ತಿಂದು ಇನ್ನೂ ಇದೆಯೇ ಎಂದು ಕೇಳಿದರು. ನಿನ್ನ ಮೇಲೆ ಕೋಪ ಬಂದಿತ್ತು ಹೆರಾಯಿಸ್. ಈಗಲೂ ಪೂರ್ತಿ ಹೋಗಿಲ್ಲ.

ಈಗ ಇಲ್ಲಿಯ ಸಭೆಯ ವಿಷಯ ಹೇಳುತ್ತೇನೆ, ಯಾಕೆಂದರೆ ಅಲ್ಲಿ ನಿಮ್ಮ ಜನ ಬಿಟ್ಟುಹೋಗುತ್ತಿದ್ದಾರೆ ಎಂದು ನೀನು ಕಂಗಾಲಾಗಿದ್ದೀಯೆ. ರಾಜಾಜ್ಞೆ ಬರುವ ಮೊದಲು ಎಣ್ಣೆಗಾಣದ ಹಿಂದಿನ ಕೋಣೆಯಲ್ಲಿ ನಾವು ಹತ್ತೊಂಬತ್ತು ಜನ ಸೇರುತ್ತಿದ್ದೆವು. ಆಜ್ಞೆ ಬಂದ ಮೇಲೆ ಹನ್ನೊಂದು ಜನ ಬಲಿ ಕೊಟ್ಟು ಬಿದ್ದೆವು. ಸೆರೆಗೆ ಹೋದವಳು ನೀನೊಬ್ಬಳೇ. ಉಳಿದವರು ಜೌಗಿನ ಕಡೆಗೆ ಓಡಿ ಅಡಗಿಕೊಂಡರು. ಇನ್ನು ಈ ಊರಿನಲ್ಲಿ ಕ್ರಿಸ್ತನ ಹೆಸರು ಹೇಳುವವರು ಇರುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ಭಾನುವಾರ ಹಿರಿಯ ಪಯೇಸಿಸ್ ತಲೆ ಎಣಿಸಿದರೆ ಅರವತ್ತಮೂರು. ಕೋಣೆ ಸಾಲದೆ ಗೋಡೆ ಒಡೆಯಬೇಕು ಎನ್ನುತ್ತಿದ್ದಾರೆ.

ಇಷ್ಟು ಜನ ಎಲ್ಲಿಂದ ಬಂದರು ಎಂದು ನಾನು ಬಹಳ ಯೋಚಿಸಿದ್ದೇನೆ, ರೊಟ್ಟಿ ಬೇಯುವಾಗ ಯೋಚಿಸುವುದು ಬಿಟ್ಟರೆ ಬೇರೆ ಕೆಲಸ ಏನಿದೆ. ಸಂಬಾತಿಸ್ ಜರಡಿಗೆ ಬಂದಳು. ಬಾಗಿಲಲ್ಲಿ ಜರಡಿ ಇಟ್ಟು ಸೆರೆಗೆ ಹೋದ ಹುಡುಗಿಯ ದೇವರು ಎಂಥವನು ನೋಡೋಣ ಎಂದು ಬಂದವಳು, ಹೋಗಲೇ ಇಲ್ಲ. ಅವಳ ಹಿಂದೆ ಅವಳ ಇಬ್ಬರು ತಂಗಿಯರು ಬಂದರು. ಅದು ನಿನ್ನ ಲೆಕ್ಕಕ್ಕೆ. ಆದರೆ ಚರ್ಮದ ಮುದುಕ ಬಂದದ್ದು ನಿನ್ನಿಂದಲ್ಲ. ಬಿದ್ದವರನ್ನು ಸಭೆಯ ಒಳಗೆ ಬಿಡುವುದಿಲ್ಲವಲ್ಲ, ಪ್ರತಿ ಭಾನುವಾರ ನಾವು ಹನ್ನೊಂದು ಜನ ಬಾಗಿಲ ಹೊರಗೆ ನಿಂತು ಅಳುತ್ತಿದ್ದೆವು. ಮುದುಕ ದಾರಿಯಲ್ಲಿ ಹೋಗುವಾಗ ನೋಡಿ, ‘ಊರೆಲ್ಲ ಮಾಡಿದ್ದನ್ನೇ ಮಾಡಿ ಹೀಗೆ ಅಳ್ತಾ ನಿಂತಿದ್ದೀರಲ್ಲ, ನಿಮಗೇನು ಹುಚ್ಚಾ?’ ಎಂದು ನಕ್ಕ. ಮುಂದಿನ ವಾರ ಮತ್ತೆ ಬಂದ, ನಗಲಿಲ್ಲ. ಮೂರನೇ ವಾರ ನನ್ನ ಪಕ್ಕದಲ್ಲಿ ನಿಂತು, ‘ನಂಗೂ ಅಳೋಕೆ ಒಂದೆರಡು ವಿಷಯ ಇದೆ, ನಿಲ್ಲಬಹುದಾ?’ ಎಂದು ಕೇಳಿದ. ಈಗ ಅವನು ದೀಕ್ಷಾಸ್ನಾನ ಪಡೆದು ಒಳಗೆ ಕುಳಿತುಕೊಳ್ಳುತ್ತಾನೆ. ನಾನು ಇನ್ನೂ ಹೊರಗಿದ್ದೇನೆ. ಒಳಗೆ ಹೋಗುವಾಗ ಪ್ರತಿ ಸಲ ನನ್ನ ಕಡೆ ನೋಡಿ ಕೆಮ್ಮುತ್ತಾನೆ.

ನಿಮ್ಮಲ್ಲಿ ಬಿದ್ದವರನ್ನು ಹೊಸ್ತಿಲ ಹತ್ತಿರವೂ ನಿಲ್ಲಿಸುವುದಿಲ್ಲವಂತೆ. ಮೂವರು ಹೆಂಗಸರು ಅಳುತ್ತ ಬಂದರೆ ನೀನೇ ಎದ್ದು ಹೋಗಿ ಕಳಿಸಿದೆಯಂತೆ. ನಿನ್ನ ಹಾಗೆ ಬೀಳದೆ ನಿಂತವರನ್ನು ನೋಡಿ ಜನ ಬೆರಗಾಗಿ ಬರುತ್ತಾರೆ, ನಿಜ. ಆದರೆ ಬೆರಗಾಗಿ ಬಂದವರು ಒಂದು ದಿನ ತಾವು ಬೀಳುತ್ತಾರೆ. ಆಗ ಅವರಿಗೆ ನಿಲ್ಲಲು ಒಂದು ಜಾಗ ಬೇಕು. ಆ ಜಾಗ ನಮ್ಮ ಬಾಗಿಲಲ್ಲಿದೆ, ನಿಮ್ಮ ಬಾಗಿಲಲ್ಲಿಲ್ಲ. ಒಂದು ಮೀನಿನ ಪೊಟ್ಟಣಕ್ಕೆ ನಿಮ್ಮ ಅರ್ಧ ಸಭೆ ಖಾಲಿಯಾಯಿತಲ್ಲ, ಯಾಕೆ ಎಂದು ಕೇಳಿಕೋ. ಅಷ್ಟೇ ಹೇಳುತ್ತೇನೆ, ನಾನು ಬೋಧಕಿಯಲ್ಲ.

ಈಗ ನೀನು ಮಾಡಬೇಕಾದದ್ದು. ಈ ಓಲೆಯ ಜೊತೆ ನನ್ನ ಬಳಿಯಿದ್ದ ಪ್ರತಿಯನ್ನು ಕಳಿಸುತ್ತಿದ್ದೇನೆ. ಹಿಟ್ಟು ಹತ್ತಿದೆ, ಝಾಡಿಸಿಕೋ. ಗುರುತಿನ ಸಾಲು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಭಾನುವಾರ ಎಲ್ಲರ ಎದುರಿಗೆ ಓದು. ಓದಿ, ನಿನ್ನ ಬಲಗೈಯನ್ನು ಎತ್ತಿ ತೋರಿಸು. ನಿನ್ನ ಕೈಯಲ್ಲಿ ಒಂದು ಚುಕ್ಕೆಯೂ ಇಲ್ಲ, ಒಲೆಯ ಹತ್ತಿರ ನಿನ್ನನ್ನು ಬಿಟ್ಟವಳಲ್ಲ ನಾನು. ಆ ಕಲೆ ಯಾರದು ಎಂದು ಅವರು ಕೇಳಿದಾಗ ನನ್ನ ಹೆಸರು ಹೇಳು. ಮುಚ್ಚಿಡಬೇಡ, ಮೆಲ್ಲಗೂ ಹೇಳಬೇಡ, ಕೊನೆಯ ಸಾಲಿನವರಿಗೂ ಕೇಳಿಸಲಿ.

ಆ ಚೀಟಿಯನ್ನು ಯಾಕೆ ಸುಟ್ಟುಹಾಕಲಿಲ್ಲ ಎಂದು ನಿನಗೆ ಅನ್ನಿಸಬಹುದು. ಮೂರು ಸಲ ಒಲೆಯ ಬಾಯಿಯವರೆಗೆ ಒಯ್ದಿದ್ದೆ. ಅಕ್ಷರ ಬಾರದವಳು ನಾನು, ಆದರೂ ಅದರಲ್ಲಿ ಏನಿದೆಯೆಂದು ಗೊತ್ತು. ನಿನ್ನ ಹೆಸರೂ ನನ್ನ ಕೈಯೂ ಒಟ್ಟಿಗಿರುವುದು ಲೋಕದಲ್ಲಿ ಅದೊಂದರಲ್ಲಿಯೇ. ಸುಡಲು ಮನಸ್ಸು ಬರಲಿಲ್ಲ.

ನನ್ನ ಚಿಂತೆ ಮಾಡಬೇಡ. ಮೊದಲ ಪಾಪಕ್ಕೆ ಇಪ್ಪತ್ತು ತಿಂಗಳು ಹೊರಗೆ ನಿಂತದ್ದು ಸಾಕು, ಬರುವ ಪಸ್ಕ ಹಬ್ಬಕ್ಕೆ ಒಳಗೆ ಸೇರಿಸಿಕೊಳ್ಳುತ್ತೇವೆ, ಪ್ರಭುವಿನ ಮೇಜಿಗೆ ರೊಟ್ಟಿಯನ್ನೂ ನೀನೇ ಮೊದಲಿನಂತೆ ಸುಡು ಎಂದು ಪಯೇಸಿಸ್ ಹೇಳಿದ್ದರು, ಅವರಿಗೆ ಈ ಎರಡನೆಯ ವಿಷಯವನ್ನೂ ಇವತ್ತು ಬೆಳಿಗ್ಗೆ ತಿಳಿಸಿದೆ. ತಾಳ್ಮೆಯಿಂದ ಕೇಳಿದರು. ಒಳ್ಳೆಯ ಮನುಷ್ಯ. ಎಲ್ಲ ಸರಿಹೋಗುತ್ತದೆ.

ಸಂಬಾತಿಸ್ ನಿನಗೆ ನಮಸ್ಕಾರ ಹೇಳಿದ್ದಾಳೆ, ನೀನು ಕಟ್ಟಿದ ಕಣ್ಣಿ ಇನ್ನೂ ಬಿಚ್ಚಿಲ್ಲವಂತೆ. ಅವಳ ತಂಗಿಯರು ಹೇಳಿದ್ದಾರೆ, ಚರ್ಮದ ಮುದುಕ ಹೇಳಿದ್ದಾನೆ, ಹಿರಿಯ ಪಯೇಸಿಸ್ ಹೇಳಿದ್ದಾರೆ. ನಿನ್ನ ಜೊತೆಯಲ್ಲಿರುವ ವಿಧವೆಯರಿಗೆಲ್ಲ ಹೆಸರು ಹಿಡಿದು ನನ್ನ ನಮಸ್ಕಾರ ತಿಳಿಸು, ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ ಆರೇಳು ಜನರಿಗೂ. ಹೊಟ್ಟೆ ಕಟ್ಟಿ ಉಪವಾಸ ಮಾಡಬೇಡ, ಮೊದಲೇ ಕಡ್ಡಿಯ ಹಾಗಿದ್ದೀಯೆ.

ಚೆನ್ನಾಗಿರು, ನನ್ನ ಮಗಳೇ.

ತೌಸಿರಿಸ್, ನಿನ್ನ ತಾಯಿ.

ಅಕ್ಷರ ಬಾರದ ಇವರ ಪರವಾಗಿ, ಇವರು ಹೇಳಿದ್ದನ್ನು ಹೇಳಿದಂತೆ ಬರೆದವನು ಕಾಸ್ತೋರ್.

ಮತ್ತೆ: ಇಲ್ಲಿಂದ ಮುಂದಿನದು ಅವರು ಹೇಳಿದ್ದಲ್ಲ. ಅವರು ರೊಟ್ಟಿ ನೋಡಲು ಎದ್ದು ಹೋಗಿದ್ದಾರೆ, ನಾನು ಅಂಚಿನಲ್ಲಿ ಬರೆಯುತ್ತಿದ್ದೇನೆ.

ಅವರು ಹೆಸರು ಬೇಡ ಎಂದ ಗುಮಾಸ್ತ ನಾನೇ. ಗುರುತು ಇಲ್ಲ ಎಂದು ಬರೆದು ಮುಗಿಸಬಹುದಿತ್ತು, ಅರ್ಧ ಜನರಿಗೆ ಹಾಗೆಯೇ ಬರೆಯುತ್ತಿದ್ದೆ. ಆ ದಿನ ಬೇಕೆಂದೇ ಕಲೆಯನ್ನು ಬರೆದೆ. ಎಂದಾದರೂ ಯಾರಾದರೂ ನೋಡಿ, ಬಲಿ ಕೊಟ್ಟ ಕೈ ಆ ಹುಡುಗಿಯದಲ್ಲ ಎಂದು ತಿಳಿಯಲಿ ಎಂದು. ಯಾಕೆ ಹಾಗೆ ಮಾಡಿದೆನೋ ಆಗ ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಮಗಳು ಒಂದು ಸುಳ್ಳು ಹೇಳಲಾರದೆ ಸಾಯಲು ಹೋಗುತ್ತಾಳೆ, ತಾಯಿ ಅವಳಿಗಾಗಿ ತನ್ನ ದೇವರನ್ನೇ ಕಳೆದುಕೊಳ್ಳಲು ಬರುತ್ತಾಳೆ. ಆ ಮನೆಯಲ್ಲಿ ಏನಿದೆ ಎಂದು ತಿಳಿಯದೆ ನನಗೆ ಸಮಾಧಾನವಾಗಲಿಲ್ಲ. ಅದನ್ನು ಹುಡುಕಿಕೊಂಡು ಹೋದವನು ಈಗ ಎಂಟು ತಿಂಗಳಿಂದ ಎಣ್ಣೆಗಾಣದ ಬಾಗಿಲಲ್ಲಿ, ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೇನೆ. ಅರವತ್ತಮೂರರಲ್ಲಿ ನಾನೂ ಒಬ್ಬ.

ಇವತ್ತು ಬೆಳಿಗ್ಗೆ ನಡೆದದ್ದನ್ನು ಅವರು ಪೂರ್ತಿ ಹೇಳಿಲ್ಲ. ಪಯೇಸಿಸ್ ಎಲ್ಲ ಕೇಳಿ, ‘ಮೊದಲನೇದಕ್ಕೆ ನೀನು ಅತ್ತಿದ್ದನ್ನ ನಾನು ನೋಡಿದ್ದೀನಿ. ಇದಕ್ಕೂ ಪಶ್ಚಾತ್ತಾಪ ಪಡ್ತೀಯಾ?’ ಎಂದರು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಇನ್ನೆರಡು ವರ್ಷ ನಿಲ್ಲಿಸಿ ಒಳಗೆ ಕರೆಯುತ್ತಿದ್ದರು. ನಿನ್ನ ತಾಯಿ, ‘ಪಡೋಕೆ ನೋಡ್ದೆ ಸ್ವಾಮಿ, ಆಗ್ಲಿಲ್ಲ. ನಾಳೆ ಮತ್ತೆ ಅವಳನ್ನ ಹಿಡ್ಕೊಂಡು ಹೋದ್ರೆ ಮತ್ತೆ ಹೋಗಿ ಅವಳ ಹೆಸರೇ ಹೇಳ್ತೀನಿ’ ಎಂದರು. ಅಧಿಕಾರಿಯ ಮುಂದೆ ಮೂವತ್ತು ವರ್ಷ ವಯಸ್ಸು ಕಡಿಮೆ ಹೇಳಿದವರಿಗೆ ಹಿರಿಯರ ಮುಂದೆ ಒಂದು ಮಾತು ಸುಳ್ಳು ಹೇಳಲು ಬರಲಿಲ್ಲ. ಪಯೇಸಿಸ್ ಬಹಳ ಹೊತ್ತು ಅತ್ತರು. ಅತ್ತು, ಪಶ್ಚಾತ್ತಾಪ ಇಲ್ಲದವರಿಗೆ ಸಾಯುವ ಗಳಿಗೆಯವರೆಗೆ ಹೊಸ್ತಿಲೇ ಗತಿ, ನಿಯಮ ನನ್ನದಲ್ಲ ಎಂದರು. ಬರುವ ವರ್ಷ ನಾನು ದೀಕ್ಷಾಸ್ನಾನ ಪಡೆದು ಒಳಗೆ ಹೋಗುವವನು. ನನ್ನನ್ನು ಬಾಗಿಲವರೆಗೆ ಕರೆತಂದವರು ಹೊರಗೆ ಉಳಿಯುತ್ತಾರೆ.

ಪಸ್ಕದ ರೊಟ್ಟಿಗೆಂದು ಒಂದೊಂದೇ ಕಾಳು ಆರಿಸಿ ಇಟ್ಟಿದ್ದ ಗೋಧಿಯನ್ನು ಮಧ್ಯಾಹ್ನ ಸಂಬಾತಿಸ್‌ಳಿಗೆ ಕೊಟ್ಟುಬಿಟ್ಟರು. ನಾಲ್ಕು ಹಿಡಿ ಮಾತ್ರ ಉಳಿಸಿಕೊಂಡು ಬೀಸಿದ್ದಾರೆ. ಈಗ ಒಲೆಯಲ್ಲಿ ಬೇಯುತ್ತಿರುವುದು ಅದೇ.

ಈ ಓಲೆಯನ್ನು ಕತ್ತೆಯವರ ಕೈಯಲ್ಲಿ ಕಳಿಸುತ್ತಿಲ್ಲ. ಇದನ್ನು ನಿನ್ನ ಕೈಗೆ ಕೊಟ್ಟು ಎದುರಿಗೆ ನಿಂತಿರುವವನು ನಾನೇ. ಭಾನುವಾರ ನಿಮ್ಮ ಸಭೆಯಲ್ಲಿ ಬರೆದವನೇ ಸಾಕ್ಷಿ ಹೇಳುತ್ತಾನೆ. ಅದು ಕಚೇರಿಗೆ ತಿಳಿದರೆ ನನ್ನ ಕೆಲಸ ಹೋಗುತ್ತದೆ, ಹೋಗಲಿ. ಚೀಲದಲ್ಲಿ ಆ ಗೋಧಿಯ ಒಂದು ರೊಟ್ಟಿ ಇದೆ. ಕೊಡು ಎಂದು ಅವರು ಹೇಳಿದರೇ ಹೊರತು ತಿನ್ನಿಸು ಎಂದು ಹೇಳಲಿಲ್ಲ. ನಾನು ಊರಿಗೆ ಹಿಂತಿರುಗಿದಾಗ ಸಭೆಯ ತೀರ್ಮಾನ ಏನಾಯಿತೆಂದು ಅವರು ಮೊದಲು ಕೇಳುವುದಿಲ್ಲ. ‘ತಿಂದ್ಳಾ?’ ಎಂದು ಕೇಳುತ್ತಾರೆ. ಅವರಿಗೆ ಸುಳ್ಳು ಹೇಳಲು ನನ್ನಿಂದಾಗದು.